ಸಾವನ್ನು ಹೊಗಳದೆ, ಸಾವಿಗೆ ಬೆನ್ನು ಕೊಟ್ಟು ಓಡದೆ

ಕೈಕಾಲು ಕತ್ತರಿಸಿಹೋದ ಒಬ್ಬ ಮನುಷ್ಯ ನೆಂಟರ ಮನೆಯಲ್ಲಿ ಮಲಗಿದ್ದಾನೆ. ಸುತ್ತ ಬಂಧುಗಳು ಕೂತಿದ್ದಾರೆ. ಅಲ್ಲಿಗೆ ಬಂದ ಭಿಕ್ಷುವೊಬ್ಬ ಅವರನ್ನು ಕೇಳುತ್ತಾನೆ, ಇವನು ಸಾಯಲಿ ಎಂದು ನಿಮಗಿದೆಯೇ ಎಂದು. ಹೌದು ಎನ್ನುತ್ತಾರೆ ಅವರು, ಮುಚ್ಚುಮರೆಯಿಲ್ಲದೆ. ಹಾಗಾದರೆ ಮಜ್ಜಿಗೆ ಕುಡಿಸಿ ಎನ್ನುತ್ತಾನೆ ಭಿಕ್ಷು. ಕುಡಿಸುತ್ತಾರೆ, ಅವನು ಸಾಯುತ್ತಾನೆ. ಆಮೇಲೆ ಭಿಕ್ಷುವಿಗೆ ಒಳಗೊಳಗೇ ಕಸಿವಿಸಿ. ತನ್ನಿಂದ ತಪ್ಪಾಯಿತೇ ಎಂದು ತಿಳಿಯಲು ಬುದ್ಧನಲ್ಲಿಗೆ ಹೋಗುತ್ತಾನೆ. ಸಿಕ್ಕ ತೀರ್ಪು ಬಲು ಚಿಕ್ಕದು: ಪಾರಾಜಿಕ. ಅಂದರೆ ಆ ಗಳಿಗೆಯಿಂದ ಅವನು ಭಿಕ್ಷುವಲ್ಲ, ಮತ್ತೆಂದೂ ಆಗಲಾರ.

ಈ ಪ್ರಸಂಗ ಭಿಕ್ಷುಗಳ ನಿಯಮಗಳನ್ನು ಹೇಳುವ ಪಾಲಿ ವಿನಯಪಿಟಕದಲ್ಲಿದೆ. ಬೌದ್ಧ ಭಿಕ್ಷುವನ್ನು ಸಂಘದಿಂದ ಶಾಶ್ವತವಾಗಿ ಹೊರಗಿಡುವ ಅಪರಾಧಗಳು ನಾಲ್ಕು: ಮೈಥುನ, ಕಳವು, ಮನುಷ್ಯಹತ್ಯೆ, ಇಲ್ಲದ ಸಿದ್ಧಿ ತನಗಿದೆಯೆಂದು ಹೇಳಿಕೊಳ್ಳುವುದು. ಮೂರನೆಯದಾದ ಹತ್ಯೆಯ ನಿಯಮದ ಕೆಳಗೆ ಹತ್ತಾರು ಪ್ರಸಂಗಗಳು ಸಾಲಾಗಿ ಬರುತ್ತವೆ. ನಮ್ಮ ಹೈಕೋರ್ಟಿನ ತೀರ್ಪುಗಳ ಸಂಗ್ರಹವನ್ನು ಓದಿದ ಹಾಗೇ ಅವನ್ನು ಓದಬೇಕು. ಬುದ್ಧ ಮತ್ತು ಸಾವು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕಿಸಾಗೌತಮಿ, ಸಾವಿಲ್ಲದ ಮನೆಯ ಸಾಸಿವೆ. ಶಾಲೆಯಲ್ಲಿ ಓದಿದ ಆ ಕಥೆ ಸಾವನ್ನು ಒಪ್ಪಿಕೊಳ್ಳುವುದನ್ನು ಕಲಿಸುತ್ತದೆ. ಆದರೆ ಐಸಿಯು ಬಾಗಿಲಲ್ಲಿ ನಿಂತ ಮಗಳಿಗೆ ಬೇಕಾದದ್ದು ಬೇರೆ. ವೆಂಟಿಲೇಟರ್ ಹಾಕಿಸಲೇ, ಬೇಡವೇ? ಹಾಕಿಸಿದ್ದನ್ನು ತೆಗೆಸಿದರೆ ಅದು ಕೊಲೆಯೇ? ದಯಾಮರಣ, ಅಂಗಾಂಗ ದಾನ, ಮಿದುಳು ಸಾವು, ಈ ಎಲ್ಲದರ ಬಗ್ಗೆ ಬೌದ್ಧರು ಏನೆನ್ನುತ್ತಾರೆ ಎಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಕರುಣೆ ಎಂಬ ಒಂದು ಪದ. ಆ ಪದ ಸಾಲದು. ವಿನಯದ ಪ್ರಸಂಗಗಳನ್ನು ಓದಿದವರಿಗೆ ಕರುಣೆಯ ಮೇಲೇ ಒಂದು ಅನುಮಾನ ಹುಟ್ಟುತ್ತದೆ.

ನಿಯಮ ಹುಟ್ಟಿದ ಸಂದರ್ಭವೇ ಘೋರವಾದದ್ದು. ವೈಶಾಲಿಯ ಮಹಾವನದಲ್ಲಿ ಬುದ್ಧ ದೇಹದ ಅಶುಚಿಯನ್ನು ಕುರಿತ ಧ್ಯಾನವನ್ನು ಭಿಕ್ಷುಗಳಿಗೆ ಬೋಧಿಸಿ ಅರ್ಧ ತಿಂಗಳು ಏಕಾಂತಕ್ಕೆ ಹೋಗುತ್ತಾನೆ. ಆ ಧ್ಯಾನದಲ್ಲಿ ಮುಳುಗಿದ ಭಿಕ್ಷುಗಳಿಗೆ ತಮ್ಮ ದೇಹದ ಮೇಲೇ ಹೇಸಿಗೆ ಹತ್ತುತ್ತದೆ. ಕೆಲವರು ತಾವೇ ಪ್ರಾಣ ಕಳೆದುಕೊಳ್ಳುತ್ತಾರೆ, ಕೆಲವರು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಇನ್ನು ಕೆಲವರು ಮಿಗಲಂಡಿಕ ಎಂಬ ಸನ್ಯಾಸಿ ವೇಷದವನ ಬಳಿ ಹೋಗಿ, ನಮ್ಮ ಭಿಕ್ಷಾಪಾತ್ರೆ, ಬಟ್ಟೆ ನಿನಗಿರಲಿ, ನಮ್ಮನ್ನು ಮುಗಿಸಿಬಿಡು ಎಂದು ಬೇಡುತ್ತಾರೆ. ಅವನು ಕೊಂದು, ರಕ್ತ ಹತ್ತಿದ ಕತ್ತಿಯನ್ನು ವಗ್ಗುಮುದಾ ನದಿಯಲ್ಲಿ ತೊಳೆಯುತ್ತಾನೆ. ಪಾಪಪ್ರಜ್ಞೆ ಕಾಡಿದಾಗ ಒಂದು ದುಷ್ಟ ಶಕ್ತಿ ಬಂದು ಅವನ ಬೆನ್ನು ತಟ್ಟುತ್ತದೆ. ದಾಟದವರನ್ನು ನೀನು ದಾಟಿಸುತ್ತಿದ್ದೀಯೆ, ಇದು ಪುಣ್ಯ ಎನ್ನುತ್ತದೆ. ಅಲ್ಲಿಂದ ಅವನು ದಿನಕ್ಕೆ ಅರವತ್ತು ಮಂದಿಯವರೆಗೂ ಕೊಲ್ಲುತ್ತಾ ಹೋಗುತ್ತಾನೆ. ಬುದ್ಧ ಹಿಂತಿರುಗಿ ಬಂದು, ಸಂಘ ಏಕೆ ಇಷ್ಟು ತೆಳುವಾಗಿದೆ ಎಂದು ಶಿಷ್ಯ ಆನಂದನನ್ನು ಕೇಳಿದಾಗಲೇ ನಡೆದದ್ದು ತಿಳಿಯುವುದು. ಆಗ ಆತ ಉಸಿರಿನ ಮೇಲೆ ಗಮನವಿಡುವ ಇನ್ನೊಂದು ಧ್ಯಾನವನ್ನು ಕಲಿಸುತ್ತಾನೆ, ನಿಯಮವನ್ನೂ ಮಾಡುತ್ತಾನೆ.

ಇಲ್ಲಿ ಸಾಯಬಯಸಿದವರು ತಮ್ಮ ಬಾಯಿಂದಲೇ ಕೇಳಿದ್ದರು. ಇಂದಿನ ಭಾಷೆಯಲ್ಲಿ ಹೇಳಿದರೆ ಒಪ್ಪಿಗೆ ಇತ್ತು. ಕೊಂದವನಿಗೆ ಬಿಡುಗಡೆ ಕೊಡುತ್ತಿದ್ದೇನೆಂಬ ನಂಬಿಕೆಯೂ ಹುಟ್ಟಿತ್ತು. ಆದರೂ ಆ ನಂಬಿಕೆಗೆ ಗ್ರಂಥ ದುಷ್ಟ ಶಕ್ತಿಯ ಬಾಯನ್ನೇ ಕೊಟ್ಟಿದೆ.

ನಿಯಮ ಬಂದ ಮೇಲೂ ಸಂದು ಹುಡುಕುವವರು ಇದ್ದೇ ಇದ್ದರು. ಕಾಯಿಲೆ ಬಿದ್ದ ಒಬ್ಬ ಗೃಹಸ್ಥನ ಹೆಂಡತಿಯ ಮೇಲೆ ಕಣ್ಣು ಹಾಕಿದ ಆರು ಮಂದಿ ಭಿಕ್ಷುಗಳ ಗುಂಪು ಅವನ ಹಾಸಿಗೆ ಪಕ್ಕ ಕೂತು ಸಾವನ್ನು ಹೊಗಳುತ್ತದೆ. ನೀನು ಒಳ್ಳೆಯದನ್ನೇ ಮಾಡಿದವನು, ಪಾಪ ಮಾಡಿಲ್ಲ, ಈ ಕಷ್ಟದ ಬದುಕು ಯಾಕೆ, ಸತ್ತರೆ ಸ್ವರ್ಗ ಕಾದಿದೆ ಎಂದೆಲ್ಲ ಹೇಳುತ್ತದೆ. ಅವನು ನಂಬಿ ಅಪಥ್ಯ ಮಾಡಿ ಸಾಯುತ್ತಾನೆ. ಅಂದಿನಿಂದ ನಿಯಮಕ್ಕೆ ಒಂದು ಭಾಗ ಸೇರಿತು: ರೋಗಿಯ ಮುಂದೆ ಸಾವನ್ನು ಹೊಗಳುವುದೂ ಹತ್ಯೆಗೆ ಸಮ. ಇವರದೇನೋ ಕೆಟ್ಟ ಉದ್ದೇಶ ಎನ್ನಬಹುದು. ಆದರೆ ಮುಂದೆ ಬರುವ ಇನ್ನೊಂದು ಪ್ರಸಂಗದಲ್ಲಿ ಭಿಕ್ಷುಗಳು ನರಳುತ್ತಿದ್ದ ತಮ್ಮ ಜೊತೆಗಾರನ ಮುಂದೆ ನಿಜವಾದ ಕರುಣೆಯಿಂದಲೇ ಸಾವನ್ನು ಹೊಗಳುತ್ತಾರೆ, ಅವನು ಸಾಯುತ್ತಾನೆ. ತೀರ್ಪು ಬದಲಾಗುವುದಿಲ್ಲ, ಪಾರಾಜಿಕ. ಮತ್ತೊಬ್ಬ ಭಿಕ್ಷು ವಧಾಸ್ಥಾನದಲ್ಲಿ ಕಟುಕನಿಗೆ, ಇವನನ್ನು ಹಿಂಸಿಸಬೇಡ, ಒಂದೇ ಏಟಿಗೆ ಮುಗಿಸು ಎನ್ನುತ್ತಾನೆ. ಕಟುಕ ಆ ಮಾತು ಕೇಳಿ ಹಾಗೇ ಮಾಡುತ್ತಾನೆ. ಆಗಲೂ ಪಾರಾಜಿಕ. ಮರಣದಂಡನೆಗೆ ಗುರಿಯಾದವನು ಹೇಗೂ ಸಾಯುವವನೇ ಆಗಿದ್ದ ಎಂಬ ವಾದವನ್ನು ಗ್ರಂಥ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇಷ್ಟನ್ನೇ ಓದಿ ನಿಲ್ಲಿಸಿದರೆ ಬೌದ್ಧಧರ್ಮವೆಂದರೆ ಏನಾದರಾಗಲಿ ಜೀವ ಉಳಿಸಲೇಬೇಕೆನ್ನುವ ಧರ್ಮ ಎಂದು ತೋರೀತು. ಹಾಗಲ್ಲ. ಅದೇ ನಿಯಮದ ಕೆಳಗೆ ಬೇರೊಂದು ಪ್ರಸಂಗವಿದೆ. ಬೇಸತ್ತ ಭಿಕ್ಷುವೊಬ್ಬ ರಾಜಗೃಹದ ಗೃಧ್ರಕೂಟ ಹತ್ತಿ ಕೆಳಗೆ ಧುಮುಕುತ್ತಾನೆ. ಬುಟ್ಟಿ ಹೆಣೆಯುತ್ತಿದ್ದ ಒಬ್ಬ ಬಡವನ ಮೇಲೆ ಬಿದ್ದು ಆ ಬಡವ ಸಾಯುತ್ತಾನೆ, ಇವನು ಬದುಕುತ್ತಾನೆ. ಕೊಲ್ಲುವ ಉದ್ದೇಶ ಇರಲಿಲ್ಲವಾದ್ದರಿಂದ ಪಾರಾಜಿಕವಲ್ಲ ಎನ್ನುತ್ತಾನೆ ಬುದ್ಧ. ಇನ್ನು ಮುಂದೆ ಯಾರೂ ಹೀಗೆ ಹಾರಬಾರದು, ಹಾರಿದರೆ ದುಕ್ಕಟ ಎಂದು ವಿಧಿಸುತ್ತಾನೆ. ದುಕ್ಕಟವೆಂದರೆ ಒಪ್ಪಿಕೊಂಡರೆ ಕಳೆಯುವಂಥ ಹಗುರ ತಪ್ಪು. ತನ್ನ ಪ್ರಾಣಕ್ಕೆ ತಾನೇ ಎರಗಿದವನದು ಹಗುರ ತಪ್ಪು, ಇನ್ನೊಬ್ಬನಿಗೆ ಸಾವೇ ಮೇಲು ಎಂದವನದು ಕ್ಷಮೆಯಿಲ್ಲದ ಅಪರಾಧ. ನಮ್ಮ ಕಾನೂನು ಈ ವ್ಯತ್ಯಾಸಕ್ಕೆ ಬರಲು 21ನೆಯ ಶತಮಾನ ಬೇಕಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷೆಯಿಂದ ದೂರವಿಟ್ಟು ಆರೈಕೆಯ ಕಡೆಗೆ ತಿರುಗಿಸಿತು. ಪ್ರಚೋದನೆ ಕೊಟ್ಟವರ ಮೇಲಿನ ಶಿಕ್ಷೆ ಇಂದಿಗೂ ಹಾಗೇ ಇದೆ.

ಔಷಧ ಬಿಡುವ ಮಾತಿಗೆ ಬಂದರೆ ಇನ್ನೂ ಸೂಕ್ಷ್ಮ. ಐದನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿ ಕೂತು ಬರೆದ ಬುದ್ಧಘೋಷನ ಹೆಸರಿನಲ್ಲಿ ಸಮಂತಪಾಸಾದಿಕಾ ಎಂಬ ವಿನಯದ ವ್ಯಾಖ್ಯಾನವಿದೆ. ಅದು ಇಬ್ಬರು ರೋಗಿಗಳನ್ನು ನಮ್ಮ ಮುಂದೆ ನಿಲ್ಲಿಸುತ್ತದೆ. ಮೊದಲನೆಯವನಿಗೆ ಔಷಧವೂ ಇದೆ, ನೋಡಿಕೊಳ್ಳುವವರೂ ಇದ್ದಾರೆ. ಆದರೂ ಸಾಯಬೇಕೆಂದು ಅನ್ನ ಬಿಡುತ್ತಾನೆ. ಇದು ತಪ್ಪು. ಎರಡನೆಯವನದು ಬಹುಕಾಲದ ದೊಡ್ಡ ಕಾಯಿಲೆ. ಶುಶ್ರೂಷೆ ಮಾಡುವ ಭಿಕ್ಷುಗಳು ಸೋತಿದ್ದಾರೆ, ಅವರಿಗೆ ಹೇಸಿಗೆಯೂ ಬಂದಿದೆ, ಈ ರೋಗಿಯಿಂದ ನಮಗೆಂದು ಬಿಡುಗಡೆಯೋ ಎಂದು ಮನಸ್ಸಿನಲ್ಲೇ ಕುದಿಯುತ್ತಿದ್ದಾರೆ. ಎಷ್ಟು ಆರೈಕೆ ಮಾಡಿದರೂ ಈ ದೇಹ ನಿಲ್ಲದು, ಇವರೂ ದಣಿಯುತ್ತಿದ್ದಾರೆ ಎಂದು ಕಂಡುಕೊಂಡು ಆ ರೋಗಿ ಆಹಾರ ನಿಲ್ಲಿಸಿದರೆ, ಔಷಧ ತೆಗೆದುಕೊಳ್ಳದಿದ್ದರೆ, ಅದು ಸಲ್ಲುತ್ತದೆ.

ಸಾವಿರದೈನೂರು ವರ್ಷಗಳ ಹಿಂದಿನ ಆ ವ್ಯಾಖ್ಯಾನಕಾರನ ಧೈರ್ಯಕ್ಕೆ ನನ್ನ ಮನಸ್ಸು ತಲೆಬಾಗುತ್ತದೆ. ಆರೈಕೆ ಮಾಡುವವರ ಮನಸ್ಸಿನಲ್ಲಿ ಏಳುವ ಹೇಸಿಗೆಯನ್ನು, ಇದು ಮುಗಿದರೆ ಸಾಕೆನ್ನುವ ಬಯಕೆಯನ್ನು ಆತ ಮುಚ್ಚಿಡಲಿಲ್ಲ. ಮನೆಯಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಂಡ ಯಾವ ಸೊಸೆಗೂ, ಯಾವ ಮಗನಿಗೂ ಈ ಭಾವ ಹೊಸದಲ್ಲ. ನಾವು ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ, ಹೇಳಿದವರನ್ನು ಪಾಪಿ ಎನ್ನುತ್ತೇವೆ. ವ್ಯಾಖ್ಯಾನ ಅದನ್ನು ಪಾಪವೆನ್ನದೆ ಸಂಗತಿಯಾಗಿ ಎದುರಿಗಿಡುತ್ತದೆ.

ಆದರೆ ಅದೇ ವಾಕ್ಯ ಅಪಾಯಕಾರಿಯೂ ಹೌದು. ನಾನು ಹೊರೆಯಾದೆ ಎಂಬ ಭಾವವನ್ನು ರೋಗಿಯ ತಲೆಗೆ ತುಂಬುವುದು ಬಲು ಸುಲಭ. ಅದಕ್ಕೆ ಮಾತೂ ಬೇಕಿಲ್ಲ. ಆಸ್ಪತ್ರೆ ಬಿಲ್ಲನ್ನು ಅವರಿಗೆ ಕೇಳಿಸುವಂತೆ ಓದಿದರೆ ಸಾಕು, ಗದ್ದೆ ಅಡವಿಟ್ಟ ವಿಷಯವನ್ನು ಬಾಗಿಲ ಹೊರಗೆ ನಿಂತು ಮಾತಾಡಿಕೊಂಡರೆ ಸಾಕು. ಹಾಗಾಗಿಯೇ ಎರಡೂ ನಿಯಮಗಳನ್ನು ಜೊತೆಯಲ್ಲಿಟ್ಟು ಓದಬೇಕೆನ್ನುವುದು ನನ್ನ ವಾದ. ಔಷಧ ಸಾಕು ಎನ್ನುವ ಹಕ್ಕು ರೋಗಿಯದು. ಸಾವೇ ಒಳ್ಳೆಯದು ಎಂದು ಅವರಿಗೆ ಹೇಳುವ ಹಕ್ಕು ಸುತ್ತ ಇರುವ ಯಾರಿಗೂ ಇಲ್ಲ, ಕರುಣೆ ಎಷ್ಟೇ ನಿಜವಾಗಿದ್ದರೂ. ದಯಾಮರಣದ ಪರ ವಿರೋಧ ಚರ್ಚೆಗಳಲ್ಲಿ ಎರಡೂ ಕಡೆಯವರು ಬೌದ್ಧರನ್ನು ತಮ್ಮ ಸಾಕ್ಷಿಗೆ ಕರೆಯುವುದಿದೆ. ಒಬ್ಬರು ಒಂದರ್ಧವನ್ನು, ಇನ್ನೊಬ್ಬರು ಇನ್ನೊಂದರ್ಧವನ್ನು ಓದಿರುತ್ತಾರೆ.

ಗ್ರಂಥಗಳಲ್ಲಿ ಇದಕ್ಕೆ ಒಗ್ಗದ ಕಥೆಗಳೂ ಇವೆ, ಅವನ್ನು ಬಚ್ಚಿಡುವುದು ಸರಿಯಲ್ಲ. ಛನ್ನ, ವಕ್ಕಲಿ, ಗೋಧಿಕ ಎಂಬ ಮೂವರು ಭಿಕ್ಷುಗಳು ಆಯುಧದಿಂದ ತಮ್ಮ ಪ್ರಾಣ ತೆಗೆದುಕೊಂಡರು. ಅವರಲ್ಲಿ ಛನ್ನ, ವಕ್ಕಲಿ ತೀವ್ರ ನೋವಿನ ರೋಗಿಗಳು. ಬುದ್ಧ ಅವರನ್ನು ದೂಷಿಸಲಿಲ್ಲ ಎಂದು ಸಂಯುಕ್ತನಿಕಾಯ ಹೇಳುತ್ತದೆ. ಇದನ್ನೇ ಹಿಡಿದು, ಜ್ಞಾನಿಯಾದವನಿಗೆ ಆತ್ಮಹತ್ಯೆ ಸಲ್ಲುತ್ತದೆ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಬೌದ್ಧ ವೈದ್ಯಕೀಯ ನೀತಿಯ ಬಗ್ಗೆ 1995ರಲ್ಲಿ ಪುಸ್ತಕ ಬರೆದ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಕಿಯೋನ್ ಇದನ್ನು ಒಪ್ಪುವುದಿಲ್ಲ. ಛನ್ನ ಆಯುಧ ಎತ್ತಿದಾಗ ಇನ್ನೂ ಅರ್ಹಂತನಾಗಿರಲಿಲ್ಲ, ಅಂದರೆ ಪೂರ್ಣ ಜ್ಞಾನಿಯಾಗಿರಲಿಲ್ಲ, ಕೊನೆಯ ಗಳಿಗೆಯಲ್ಲಿ ಆದ ಎಂಬ ಹಳೆಯ ಪಾಲಿ ವ್ಯಾಖ್ಯಾನದ ಮಾತಿಗೆ ಅವರು ತೂಕ ಕೊಡುತ್ತಾರೆ. ನನಗೆ ಕಾಣುವುದು ಇಷ್ಟು: ಆ ಮೂವರ ಕಥೆಯಲ್ಲೂ ಬೇರೆಯವರ ಕೈ ಇಲ್ಲ, ಬೇರೆಯವರ ಒತ್ತಾಯವಿಲ್ಲ. ಛನ್ನನಿಗೆ ಬುದ್ಧನ ಶಿಷ್ಯ ಸಾರಿಪುತ್ರ ಹೇಳಿದ್ದು ಬದುಕು, ಔಷಧ ಇಲ್ಲದಿದ್ದರೆ ನಾನು ತಂದುಕೊಡುತ್ತೇನೆ, ಆಳು ಇಲ್ಲದಿದ್ದರೆ ನಾನೇ ಸೇವೆ ಮಾಡುತ್ತೇನೆ ಎಂದು.

ಕರ್ನಾಟಕದವರಿಗೆ ಇಲ್ಲಿ ಸಲ್ಲೇಖನ ನೆನಪಾಗದೆ ಇರದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳಲ್ಲಿ, ನಾಡಿನ ಉದ್ದಗಲಕ್ಕೂ ನಿಂತ ನಿಸಿಧಿ ಕಲ್ಲುಗಳಲ್ಲಿ, ವ್ರತ ಹಿಡಿದು ಅನ್ನ ಬಿಟ್ಟು ದೇಹ ತೊರೆದವರ ಹೆಸರುಗಳಿವೆ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮವೆಂದಾಗ, ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಜೈನರಿಗೆ ಅದು ಬಾಳಿನ ಕೊನೆಯಲ್ಲಿ ಕೈಗೊಳ್ಳುವ ದೊಡ್ಡ ವ್ರತ, ಸಾಧನೆಯ ತುದಿ. ಬೌದ್ಧರಲ್ಲಿ ಅಂಥ ವ್ರತವಿಲ್ಲ. ಉಪವಾಸದಿಂದ ದೇಹ ದಂಡಿಸುವುದನ್ನು ಬುದ್ಧ ತಾನೇ ಮಾಡಿ ನೋಡಿ ಕೈಬಿಟ್ಟವನು. ಆದ್ದರಿಂದ ಸಮಂತಪಾಸಾದಿಕಾದ ರೋಗಿ ಅನ್ನ ಬಿಟ್ಟದ್ದನ್ನು ಯಾರೂ ಕಲ್ಲಿನ ಮೇಲೆ ಕೆತ್ತುವುದಿಲ್ಲ. ಅದು ಸಲ್ಲುತ್ತದೆ ಎಂದಷ್ಟೇ ಹೇಳಿ ವ್ಯಾಖ್ಯಾನ ಮುಂದೆ ಹೋಗುತ್ತದೆ.

ಈ ಚರ್ಚೆಯಲ್ಲಿ ಬಹಳ ಸಲ ಬಿಟ್ಟುಹೋಗುವ ಪ್ರಸಂಗವೊಂದು ವಿನಯದ ಮಹಾವಗ್ಗದಲ್ಲಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ವಿಹಾರದಲ್ಲಿ ಸುತ್ತುತ್ತಿದ್ದ ಬುದ್ಧನಿಗೂ ಆನಂದನಿಗೂ ಒಂದು ಕೋಣೆಯಲ್ಲಿ ಅತಿಸಾರದಿಂದ ಬಿದ್ದ ಭಿಕ್ಷು ಕಾಣುತ್ತಾನೆ. ತನ್ನ ಮಲಮೂತ್ರದಲ್ಲೇ ಹೊರಳಾಡುತ್ತಿದ್ದಾನೆ. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಬುದ್ಧ ಕೇಳುತ್ತಾನೆ. ಇಲ್ಲ, ನಾನು ಯಾರಿಗೂ ಏನೂ ಮಾಡಿದವನಲ್ಲ, ಹಾಗಾಗಿ ಯಾರೂ ಬರುವುದಿಲ್ಲ ಎನ್ನುತ್ತಾನೆ ರೋಗಿ. ಬುದ್ಧ ಆನಂದನಿಂದ ನೀರು ತರಿಸುತ್ತಾನೆ. ಬುದ್ಧ ನೀರು ಸುರಿಯುತ್ತಾನೆ, ಆನಂದ ಮೈ ತೊಳೆಯುತ್ತಾನೆ. ತಲೆಯ ಕಡೆ ಬುದ್ಧ, ಕಾಲಿನ ಕಡೆ ಆನಂದ ಹಿಡಿದೆತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಸಂಘವನ್ನು ಸೇರಿಸಿ ಬುದ್ಧ ಹೇಳುವುದರ ಸಾರ ಇದು: ನಿಮಗೆ ತಾಯಿ ತಂದೆ ಹತ್ತಿರವಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುತ್ತಾರೆ, ನನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ.

ಅಲ್ಲಿಗೇ ನಿಲ್ಲದೆ ಒಳ್ಳೆಯ ಶುಶ್ರೂಷಕನ ಲಕ್ಷಣಗಳನ್ನೂ ಅದೇ ಅಧ್ಯಾಯ ಕೊಡುತ್ತದೆ. ಔಷಧ ಸಿದ್ಧಮಾಡಲು ಬರಬೇಕು. ಯಾವುದು ಪಥ್ಯ, ಯಾವುದು ಅಪಥ್ಯ ತಿಳಿದಿರಬೇಕು. ಮಲ, ಮೂತ್ರ, ಕಫ, ವಾಂತಿ ಎತ್ತಲು ಹೇಸಬಾರದು. ಲಾಭದ ಆಸೆಯಿಂದ ಸೇವೆಗೆ ನಿಲ್ಲಬಾರದು. ಒಳ್ಳೆಯ ರೋಗಿಗೂ ಲಕ್ಷಣಗಳಿವೆ, ನೋವು ಎಲ್ಲಿ, ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವುಗಳಲ್ಲೊಂದು. ಉಪಶಾಮಕ ಆರೈಕೆ ಎಂದು ನಾವು ಇಂದು ಕರೆಯುವುದರ ಪಾಠ ಇಷ್ಟೇ ಅಲ್ಲವೇ? ದಯಾಮರಣ ಬೇಕೆಂದು ಕೇಳುವ ರೋಗಿಯ ನೋವನ್ನು ಮೊದಲು ಯಾರಾದರೂ ಸರಿಯಾಗಿ ಕೇಳಿದ್ದಾರೆಯೇ, ಮಾರ್ಫಿನ್ ಸಿಕ್ಕಿದೆಯೇ, ಬೆನ್ನಿನ ಹುಣ್ಣನ್ನು ದಿನಾ ತೊಳೆಯುತ್ತಿದ್ದಾರೆಯೇ? ಈ ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಬದುಕು ಸಾವಿನ ತತ್ತ್ವಕ್ಕೆ ಇಳಿಯುವುದನ್ನು ಮಹಾವಗ್ಗ ಒಪ್ಪದು.

ಗ್ರಂಥದ ಮಾತು ಒತ್ತಟ್ಟಿಗಿರಲಿ. ಒಬ್ಬ ಭಿಕ್ಷು ತನ್ನ ಸಾವು ಹೀಗಿರಬೇಕೆಂದು ಮೊದಲೇ ಸ್ಪಷ್ಟವಾಗಿ ಹೇಳಿದ್ದರೂ ಏನಾಗುತ್ತದೆ ಎಂಬುದಕ್ಕೆ ಥಾಯ್ಲೆಂಡಿನಲ್ಲಿ ನಡೆದ ಘಟನೆಯಿದೆ. ಬುದ್ಧದಾಸ ಭಿಕ್ಷು 1906ರ ಮೇ 27ರಂದು ದಕ್ಷಿಣ ಥಾಯ್ಲೆಂಡಿನ ಚೈಯಾ ಬಳಿ ಹುಟ್ಟಿದವರು. 1932ರಲ್ಲಿ ಸುವನ್ ಮೋಖ್ ಎಂಬ ಅರಣ್ಯ ವಿಹಾರವನ್ನು ಕಟ್ಟಿದರು. ಥಾಯ್ ಬೌದ್ಧರ ನಡುವೆ ಕಳೆದ ಶತಮಾನದ ಅತಿ ದೊಡ್ಡ ಚಿಂತಕ ಎಂದು ಅವರನ್ನು ಎಣಿಸುತ್ತಾರೆ. ಹುಟ್ಟುಹಬ್ಬದ ದಿನ ಅವರ ವಿಹಾರದಲ್ಲಿ ಊಟವಿಲ್ಲ. ವಯಸ್ಸನ್ನು ಅಣಕಿಸುವ ದಿನ ಎಂದು ಕರೆದು ಉಪವಾಸವಿದ್ದು ಧರ್ಮದ ಮಾತು ಆಡುತ್ತಿದ್ದರು. ದೇಹವನ್ನು ಹೊತ್ತುಕೊಂಡು ಸಾವಿನಿಂದ ಓಡಿಹೋಗುವುದು ತಮಗೆ ಬೇಡ, ವಿಹಾರದಲ್ಲೇ ಸಹಜವಾಗಿ ಸಾಯಬೇಕು ಎಂದು ಅವರು ಶಿಷ್ಯರಿಗೆ ಹೇಳಿಟ್ಟಿದ್ದರು.

1993ರ ಮೇ 25ರಂದು, 87 ತುಂಬಲು ಎರಡು ದಿನ ಇರುವಾಗ, ಅವರಿಗೆ ಪಾರ್ಶ್ವವಾಯು ಬಡಿಯಿತು. ಶಿಷ್ಯರಲ್ಲಿ ಎರಡು ಮನಸ್ಸಾಯಿತು. ಗುರುವಿನ ಮಾತನ್ನು ಉಳಿಸಬೇಕೆಂದವರು ಕೆಲವರು. ಗುಣವಾಗುವ ಸಾಧ್ಯತೆ ಇರುವಾಗ ಸುಮ್ಮನೆ ಕೂರುವುದು ಹೇಗೆ ಎಂದವರು ಕೆಲವರು. ಕೊನೆಗೆ ಬ್ಯಾಂಕಾಕಿನ ಸಿರಿರಾಜ್ ಆಸ್ಪತ್ರೆಗೆ ಒಯ್ದರು. ವಾರಗಟ್ಟಲೆ ಯಂತ್ರಗಳ ನಡುವೆ ಅವರಿದ್ದರು. ದೇಶದ ಪತ್ರಿಕೆಗಳಲ್ಲಿ ದೊಡ್ಡ ವಾಗ್ವಾದ ನಡೆಯಿತು. ಗುಣವಾಗುವ ಆಸೆ ಕಳೆದ ಮೇಲೆ ಜುಲೈ 8ರಂದು ಸುವನ್ ಮೋಖ್‌ಗೆ ಕರೆತಂದರು, ಅಂದೇ ಅವರು ತೀರಿಕೊಂಡರು. ದೇಹವನ್ನು ಪ್ರದರ್ಶನಕ್ಕಿಡಬಾರದು, ಆಡಂಬರವಿಲ್ಲದೆ ಸುಡಬೇಕು ಎಂಬ ಅವರ ಇನ್ನೊಂದು ಇಚ್ಛೆಯನ್ನು ಶಿಷ್ಯರು ಪಾಲಿಸಿದರು. ಸೆಪ್ಟೆಂಬರಿನಲ್ಲಿ ದಹನ ನಡೆಯಿತು.

ಆಸ್ಪತ್ರೆಗೆ ಒಯ್ದವರನ್ನು ದೂರುವುದು ನನಗೆ ಕಷ್ಟ. ಪಾರ್ಶ್ವವಾಯುವಿನ ಮೊದಲ ದಿನಗಳಲ್ಲಿ ಯಾವ ವೈದ್ಯರಿಗೂ ಇದು ಸಾವೇ ಎಂದು ಹೇಳಲು ಬಾರದು. ಸಹಜವಾಗಿ ಸಾಯುತ್ತೇನೆ ಎಂಬ ಮಾತು ಕೇಳುವಾಗ ಸ್ಪಷ್ಟ, ರೋಗಿಯ ಪಕ್ಕ ನಿಂತಾಗ ಮಸುಕು. ಯಾವ ಕಾಯಿಲೆ, ಯಾವ ಹಂತ, ಯಾವ ಯಂತ್ರ? ಇಷ್ಟನ್ನು ಬಿಡಿಸಿ ಹೇಳಿರದಿದ್ದರೆ ಮಹಾಗುರುವಿನ ಮಾತೂ ನಿಲ್ಲುವುದಿಲ್ಲ. ಆ ಸಾವಿನ ಚರ್ಚೆ ಥಾಯ್ ಸಮಾಜವನ್ನು ಬಹುಕಾಲ ಬಿಡಲಿಲ್ಲ. 2007ರ ರಾಷ್ಟ್ರೀಯ ಆರೋಗ್ಯ ಕಾಯ್ದೆಯ 12ನೆಯ ಕಲಮು, ಸಾವಿನ ಹಂತವನ್ನು ಬರೀ ಎಳೆಯುವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಅಲ್ಲಿನವರಿಗೆ ಕೊಟ್ಟಿತು. ಫ್ರಾ ಪೈಸಾನ್ ವಿಸಾಲೋ ಎಂಬ ಭಿಕ್ಷು ತಮ್ಮ ಸಂಗಡಿಗರೊಂದಿಗೆ ಸಾವನ್ನು ಶಾಂತಿಯಿಂದ ಎದುರಿಸುವ ಬಗ್ಗೆ ನರ್ಸುಗಳಿಗೆ, ಗೃಹಸ್ಥರಿಗೆ ಶಿಬಿರ ನಡೆಸುತ್ತಾ ಬಂದಿದ್ದಾರೆ.

ನಮ್ಮಲ್ಲಿ 2011ರ ಅರುಣಾ ಶಾನ್‌ಭಾಗ್ ತೀರ್ಪು ನಿಷ್ಕ್ರಿಯ ದಯಾಮರಣದ, ಅಂದರೆ ಜೀವ ಹಿಡಿದಿಟ್ಟ ಚಿಕಿತ್ಸೆಯನ್ನು ನಿಲ್ಲಿಸುವುದರ, ಬಾಗಿಲನ್ನು ಸ್ವಲ್ಪ ತೆರೆಯಿತು. ಮುಂಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅರುಣಾ ನಮ್ಮ ಉತ್ತರ ಕನ್ನಡದ ಹಳದೀಪುರದವರು. 1973ರಲ್ಲಿ ಅವರ ಮೇಲೆ ಬರ್ಬರ ದಾಳಿ ನಡೆದ ಮೇಲೆ 2015ರಲ್ಲಿ ತೀರಿಕೊಳ್ಳುವವರೆಗೂ ಪ್ರಜ್ಞೆಯ ಅಂಚಿನಲ್ಲಿ ಬದುಕಿದ್ದರು. ಅವರ ಪರವಾಗಿ ಹಾಕಿದ ಅರ್ಜಿಯನ್ನು ನ್ಯಾಯಾಲಯ ತಳ್ಳಿಹಾಕಿತು, ಏಕೆಂದರೆ ಅವರನ್ನು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ನರ್ಸುಗಳು ಅವರು ಬದುಕಿರಲಿ ಎಂದರು. ದಶಕಗಟ್ಟಲೆ ಮಲಗಿದ ದೇಹಕ್ಕೆ ಹಾಸಿಗೆ ಹುಣ್ಣಾಗದಂತೆ ನೋಡಿಕೊಂಡಿದ್ದರು ಅವರು. ಮಹಾವಗ್ಗದ ಶುಶ್ರೂಷಕರ ಲಕ್ಷಣಗಳನ್ನು ಓದುವಾಗಲೆಲ್ಲ ನನಗೆ ಆ ನರ್ಸುಗಳು ನೆನಪಾಗುತ್ತಾರೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಲಿವಿಂಗ್ ವಿಲ್ ಅನ್ನು ಮಾನ್ಯ ಮಾಡಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಜೀವರಕ್ಷಕ ಯಂತ್ರ ತೆಗೆಯುವ ಮೊದಲು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಈ ತೀರ್ಪನ್ನು ಜಾರಿಗೆ ತರುವ ಆದೇಶ ಹೊರಡಿಸಿತು.

ಕಾಗದದ ಮೇಲೆ ದಾರಿ ಇದೆ. ಆದರೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಇವತ್ತಿಗೂ ಕೇಳುವ ಮಾತು, ನಮ್ಮ ಬಾಯಲ್ಲಿ ಹೇಳಿಸಬೇಡಿ ಡಾಕ್ಟ್ರೇ, ನೀವೇ ಏನಾದರೂ ಮಾಡಿ. ಆ ಮಾತಿನ ಹಿಂದೆ ಇರುವ ಭಯ ವಿನಯದ ಭಯವೇ, ಸಾವಿಗೆ ನಾನು ಬಾಯಿಯಾಗಬಾರದು ಎಂಬುದು. ಆ ಭಯವನ್ನು ನಾನು ಗೌರವಿಸುತ್ತೇನೆ. ಅದನ್ನು ಮನೆಯವರ ತಲೆಯಿಂದ ಇಳಿಸಬಲ್ಲವರು ರೋಗಿಯೇ, ಅದೂ ಬಾಯಿ ಬರುವ ಕಾಲದಲ್ಲಿ. ಅಪ್ಪ ಅಮ್ಮನ ಹತ್ತಿರ ಸಾವಿನ ಮಾತೆತ್ತುವುದು ಅಪಶಕುನ ಎಂದು ನಾವು ಬಾಯಿ ಮುಚ್ಚಿಕೊಂಡಿರುವುದರಿಂದ ಕೊನೆಗೆ ಅವರ ಪರವಾಗಿ ನಾವು ಊಹೆ ಮಾಡಬೇಕಾಗುತ್ತದೆ.

ಮಿದುಳು ಸಾವಿನ ವಿವಾದದಲ್ಲಿ ಈ ಊಹೆಯ ತೊಡಕು ಇನ್ನೂ ಗೋಜಲಾಗಿದೆ. ಆಯುಸ್ಸು, ಬಿಸಿ, ವಿಜ್ಞಾನ ಈ ಮೂರೂ ಬಿಟ್ಟಾಗ ದೇಹ ಕಟ್ಟಿಗೆಯಂತೆ ಬೀಳುತ್ತದೆ ಎಂದು ಪಾಲಿ ಸುತ್ತಗಳು ಹೇಳುತ್ತವೆ. ಇಲ್ಲಿ ವಿಜ್ಞಾನವೆಂದರೆ ಅರಿವು. ವೆಂಟಿಲೇಟರ್ ಮೇಲಿರುವ ಮಿದುಳು ನಿಷ್ಕ್ರಿಯವಾದ ದೇಹ ಬೆಚ್ಚಗಿರುತ್ತದೆ, ಎದೆ ಏರಿಳಿಯುತ್ತದೆ. ಅದು ಸತ್ತಿದೆಯೇ? ಕಿಯೋನ್ 1995ರಲ್ಲಿ ಹೌದು ಎಂದಿದ್ದರು, 2010ರಲ್ಲಿ ಬರೆದ ಲೇಖನದಲ್ಲಿ ಆ ನಿಲುವನ್ನು ಬಿಟ್ಟುಕೊಟ್ಟರು. ಜಪಾನಿನಲ್ಲಿ 1968ರಲ್ಲಿ ಸಪ್ಪೊರೊದಲ್ಲಿ ನಡೆದ ಮೊದಲ ಹೃದಯ ಕಸಿ ಪೊಲೀಸ್ ತನಿಖೆಯವರೆಗೆ ಹೋಗಿ, ದಾನಿ ನಿಜವಾಗಿ ಸತ್ತಿದ್ದನೇ ಎಂಬ ಅನುಮಾನ ಒಂದು ತಲೆಮಾರಿನವರೆಗೆ ಕಾಡಿತು. ಅಲ್ಲಿ ಕಾನೂನು ಬಂದದ್ದು 1997ರಲ್ಲಿ. ನಮ್ಮ ಬೈಲಕುಪ್ಪೆ, ಮುಂಡಗೋಡುಗಳ ಟಿಬೆಟನ್ ವಿಹಾರಗಳಲ್ಲಿ ಕೆಲವು ಹಿರಿಯ ಲಾಮಾಗಳು ತೀರಿಕೊಂಡ ಮೇಲೂ ದೇಹ ದಿನಗಟ್ಟಲೆ ಕೆಡದೆ ಇರುತ್ತದೆ. ಅದನ್ನು ತುಕ್ದಮ್ ಎಂದು ಕರೆದು, ಧ್ಯಾನ ಇನ್ನೂ ನಡೆದಿದೆ ಎಂದು ದೇಹವನ್ನು ಮುಟ್ಟದೆ ಬಿಡುತ್ತಾರೆ. ಅಂಥ 13 ಮಂದಿಯ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಯಾವ ಚಟುವಟಿಕೆಯೂ ಕಾಣಲಿಲ್ಲ. ಯಂತ್ರಕ್ಕೆ ಕಾಣದ್ದು ಇಲ್ಲವೆಂದು ಆ ಭಿಕ್ಷುಗಳು ಒಪ್ಪುವುದಿಲ್ಲ. ಹಾಗೆ ನಂಬಿದವರ ದೇಹದಿಂದ ಬಿಸಿ ಆರುವ ಮೊದಲೇ ಅಂಗ ತೆಗೆಯುವುದು ಸುಲಭದ ಪ್ರಶ್ನೆಯಲ್ಲ.

ಅದೇ ಬೌದ್ಧ ಜಗತ್ತಿನಲ್ಲಿ ಶ್ರೀಲಂಕಾ ಇದೆ. ಡಾ. ಹಡ್ಸನ್ ಸಿಲ್ವ 1961ರಲ್ಲಿ ಕಟ್ಟಿದ ನೇತ್ರದಾನ ಸಂಸ್ಥೆ ಹತ್ತಾರು ಸಾವಿರ ಕಾರ್ನಿಯಾಗಳನ್ನು ಬೇರೆ ದೇಶಗಳ ಕುರುಡರಿಗೆ ಕಳಿಸಿದೆ. ಕಣ್ಣಿನ ದಾನಕ್ಕೆ ಮಿದುಳು ಸಾವಿನ ತಕರಾರಿಲ್ಲ, ಹೃದಯ ನಿಂತ ಮೇಲೂ ತೆಗೆಯಬಹುದು. ರಾಜ್‌ಕುಮಾರ್ ಮತ್ತು ಪುನೀತ್ ಅವರ ನೇತ್ರದಾನ ನಮ್ಮಲ್ಲಿ ಅಷ್ಟು ಬೇಗ ಮನಸ್ಸಿಗೆ ಇಳಿದದ್ದು ಅದರಿಂದಲೂ ಇರಬಹುದು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಕುಟುಂಬ ತೆಗೆದುಕೊಂಡ ಅಂಗಾಂಗ ದಾನದ ನಿರ್ಧಾರ ಇದಕ್ಕಿಂತ ಎಷ್ಟೋ ಕಠಿಣವಾದದ್ದು. ದಾನದ ಪರ ನಾನಿದ್ದೇನೆ. ಬಿಸಿ, ಅರಿವುಗಳ ತಕರಾರು ಗೊತ್ತಿದ್ದೂ ದೇಹ ಕೊಡುವುದು ಬೌದ್ಧರ ದಾನ ಪಾರಮಿತೆಗೆ ಹತ್ತಿರವಾದದ್ದು ಎಂದೇ ನಂಬುತ್ತೇನೆ. ನನ್ನ ತಕರಾರು ಒಪ್ಪಿಗೆ ಯಾರದು ಎಂಬುದರ ಬಗ್ಗೆ. ಜಪಾನ್ 2009ರ ತಿದ್ದುಪಡಿಯಲ್ಲಿ, ದಾನಿ ಬೇಡವೆಂದಿರದಿದ್ದರೆ ಕುಟುಂಬದ ಒಪ್ಪಿಗೆಯೇ ಸಾಕು ಎಂದಿತು. ನಮ್ಮ 1994ರ ಅಂಗಾಂಗ ಕಸಿ ಕಾಯ್ದೆಯಲ್ಲೂ ಕುಟುಂಬದ ಮಾತಿಗೆ ದಾರಿಯಿದೆ.

ಶ್ರೀಲಂಕಾದ ಹಳ್ಳಿಗಳಲ್ಲಿ ನೇತ್ರದಾನಕ್ಕೆ ಜನರನ್ನು ಒಲಿಸಿದ್ದು ಬುದ್ಧನ ಹಿಂದಿನ ಜನ್ಮದ ಕಥೆಯಾದ ಸಿವಿ ಜಾತಕ. ಪಾರಿವಾಳಕ್ಕಾಗಿ ತೊಡೆಯ ಮಾಂಸ ಕೊಟ್ಟ ನಮ್ಮ ಶಿಬಿಯೇ ಅವನು, ಆದರೆ ಪಾಲಿ ಕಥೆಯಲ್ಲಿ ಅವನು ಕೊಡುವುದು ಕಣ್ಣುಗಳನ್ನು. ಕುರುಡ ಬ್ರಾಹ್ಮಣನ ವೇಷದಲ್ಲಿ ಇಂದ್ರ ಬಂದು ಕೇಳಿದಾಗ ರಾಜ ತನ್ನ ವೈದ್ಯ ಸೀವಕನನ್ನು ಕರೆಸುತ್ತಾನೆ. ಸೀವಕ ಮೊದಲಿಗೇ ಕತ್ತಿ ಹಿಡಿಯುವುದಿಲ್ಲ. ಪುಡಿ ಹಚ್ಚುತ್ತಾನೆ, ಕಣ್ಣು ಸಡಿಲವಾಗುತ್ತದೆ. ಆಗ ನಿಲ್ಲಿಸಿ, ಮಹಾರಾಜ, ಯೋಚಿಸಿ, ಈಗಲೂ ಇದನ್ನು ಸರಿಮಾಡಬಲ್ಲೆ ಎನ್ನುತ್ತಾನೆ. ರಾಜ ಮುಂದುವರಿಸು ಎನ್ನುತ್ತಾನೆ. ಮತ್ತೆ ಪುಡಿ, ನೋವು ಹೆಚ್ಚುತ್ತದೆ, ವೈದ್ಯ ಮತ್ತೆ ಅದೇ ಪ್ರಶ್ನೆ ಕೇಳುತ್ತಾನೆ. ಕೊನೆಯ ನರ ಉಳಿದಿರುವಾಗಲೂ ಕೇಳುತ್ತಾನೆ. ಮಂತ್ರಿಗಳೂ ರಾಣಿಯರೂ ಸುತ್ತ ನಿಂತು ಬೇಡವೆಂದು ಅಳುತ್ತಿದ್ದಾರೆ. ಆದರೆ ವೈದ್ಯ ಅವರತ್ತ ತಿರುಗುವುದಿಲ್ಲ, ಪ್ರತಿ ಸಲವೂ ಕೇಳುವುದು ರಾಜನನ್ನೇ.